ಎಚ್-1, ಆರೋಗ್ಯವಂತೆ

ಫೆಬ್ರುವರಿ 12, ಬುಧವಾರ

ಲ್ಯಾಬಿನಲ್ಲಿ ಆರೋಗ್ಯವಂತರ ರಕ್ತ ಮುಗಿದಿತ್ತು. ಕಳೆದ ಜುಲೈನಲ್ಲಿ ತೆಗೆದಿಟ್ಟದ್ದರ ಕೊನೆಯ ಟ್ಯೂಬು ಸೋಮವಾರ ಖಾಲಿಯಾಯಿತು. ಆರೋಗ್ಯವಂತರು ಅಂದರೆ ದೊಡ್ಡ ಗುಂಪೇನಲ್ಲ, ನಾನೊಬ್ಬಳೇ. ಚಿಕ್ಕೋಡಿಯ ಆಸ್ಪತ್ರೆಯ ಮಹಡಿಯ ಮೇಲಿರುವ ಈ ಲ್ಯಾಬಿನಲ್ಲಿ ಇರುವುದೇ ಮೂರು ಜನ. ನನ್ನ ಗೈಡ್ ವಿಕ್ರಾಂತ ಸರ್ ಬಿಪಿ ಗುಳಿಗೆ ನುಂಗುತ್ತಾರೆ. ಟೆಕ್ನಿಷಿಯನ್ ಜಿನ್ನಪ್ಪಣ್ಣನಿಗೆ ಸಕ್ಕರೆ ಕಾಯಿಲೆ. ಉಳಿದವಳು ಸಾರಿಕಾ, ವಯಸ್ಸು ಇಪ್ಪತ್ತೊಂಬತ್ತು, ಉಗಾರ ಬುದ್ರುಕದಲ್ಲಿ ಕಬ್ಬು ತಿಂದು ಬೆಳೆದ ಹಲ್ಲು, ಜ್ವರ ಬಂದರೆ ಜ್ವರಕ್ಕೇ ನಾಚಿಕೆಯಾಗಬೇಕು. ಹಾಗಾಗಿ ಮೂರು ವರ್ಷದಿಂದ ಟ್ಯೂಬುಗಳ ಮೇಲೆ ನನ್ನ ಹೆಸರು ಎಚ್-1, ಅಂದರೆ ಹೆಲ್ದಿ ನಂಬರ್ ಒಂದು.

ಜಿನ್ನಪ್ಪಣ್ಣ ಸೂಜಿ ಹಾಕಿದರೆ ಹಾಕಿದ್ದೇ ಗೊತ್ತಾಗುವುದಿಲ್ಲ. ಇವತ್ತು ನರ ಹುಡುಕುತ್ತ, "ಕೈ ಭಾಳ ತಣ್ಣಗ ಅದಾವಲ್ರಿ ಮೇಡಂ," ಅಂದರು. "ಎಸಿ ಇಟ್ಟವ್ರು ನೀವ, ಕೇಳವ್ರೂ ನೀವ," ಅಂದೆ. ನಕ್ಕರು. ಫಾರ್ಮು ತುಂಬಿ ಸಹಿ ಹಾಕಿದೆ. ಥೈರಾಯ್ಡ್ ತೊಂದರೆ: ಇಲ್ಲ. ಆರೋಗ್ಯ: ಉತ್ತಮ. ಈ ಸಾಲುಗಳನ್ನು ಓದುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ರಾಯಬಾಗದ ಥೈರಾಯ್ಡ್ ಕ್ಯಾಂಪಿನಿಂದ ಬಂದ ರೋಗಿಗಳ ರಕ್ತವೂ ಇವತ್ತೇ ಇತ್ತು. ಎಲ್ಲವನ್ನೂ ಸಣ್ಣ ಟ್ಯೂಬುಗಳಿಗೆ ಹಂಚಿ, ಚೀಟಿ ಬರೆದು, ಜಿನ್ನಪ್ಪಣ್ಣ ಐದೂ ನಲವತ್ತಕ್ಕೆ ಹೊರಟರು. ಅವರು ಶೇಡಬಾಳದ ಜೈನರು, ಸೂರ್ಯ ಮುಳುಗುವ ಮೊದಲೇ ಊಟ ಆಗಬೇಕು.

ಫೆಬ್ರುವರಿ 24, ಸೋಮವಾರ

ಸರ್ ಇವತ್ತು ಗಡುವು ಹೇಳಿದರು. ಏಪ್ರಿಲ್ ಮೂವತ್ತಕ್ಕೆ ವರದಿ ಹೋಗಬೇಕು. "ಸಿ-7 ನಂಬಾಕ ಬರ್ತೈತೋ ಇಲ್ಲೋ, ಅಷ್ಟ ಹೇಳು ಸಾರಿಕಾ. ಒಂದರ ಹಿಂದೊಂದ ಮೂರು ಸಲ ಸರಿ ಬಂದ್ರ ಮುಂದ ಹೋಗೂಣು. ಬರ್ಲಿಲ್ಲಂದ್ರ ಅದನ್ನ ಬಿಟ್ಟು ಬ್ಯಾರೇ ಏನರೆ ನೋಡೂಣು." ಬೇರೆ ಏನಾದರೂ ಅಂದರೆ ನನ್ನ ಮೂರು ವರ್ಷ ಕಸದ ಬುಟ್ಟಿಗೆ. ಅದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವ್ವ ಫೋನಿನಲ್ಲಿ ಕೇಳಿದಳು: "ಆ ಸಿ-7 ಅಂದ್ರ ಏನವಾ? ಮನಿಶಾನೋ ಮಶೀನೋ?"

ಹೇಳಿದೆ. ಗಂಟಲಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಐತಿ. ಕೆಲವರ ಮೈಯೊಳಗಿನ ಕಾವಲಿನವರಿಗೆ ತಲೆ ಕೆಟ್ಟು, ಆ ಗ್ರಂಥಿಯೊಳಗಿನ ಒಂದು ಪ್ರೋಟೀನನ್ನೇ ಕಳ್ಳ ಅಂತ ತಿಳಿದು ಹೊಡೆಯುತ್ತಾರೆ. ಆ ಕಾವಲಿನವರ ಹೆಸರು ಪ್ರತಿಕಾಯ. ಅವರು ಪ್ರೋಟೀನಿನ ಯಾವ ಜಾಗವನ್ನು ಹಿಡಿದು ಹೊಡೆಯುತ್ತಾರೆ ಅನ್ನುವುದು ಗೊತ್ತಾದರೆ, ಯಾರ ಗ್ರಂಥಿ ಬೇಗ ಹಾಳಾಗುತ್ತದೆ ಅಂತ ಮೊದಲೇ ಹೇಳಬಹುದು. ಅದಕ್ಕೆ ಸಿ-7 ಬೇಕು. ಅದು ಇಲಿಯ ಜೀವಕೋಶದಿಂದ ನಾವು ಬೆಳೆಸಿದ ಮೊನೊಕ್ಲೋನಲ್ ಪ್ರತಿಕಾಯ, ಒಂದೇ ಒಂದು ಜಾಗವನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ.

ಅವ್ವನಿಗೆ ಇದು ಹತ್ತಲಿಲ್ಲ. ಕಡೆಗೆ ಬಸ್ಸು ತಂದೆ. ಕುಡಚಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತ ಕೂಡಲೇ ಜನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಸಿ-7 ಹಳದಿ ಅಂಗಿಯವನು, ಅವನಿಗೆ ಒಂದೇ ಸೀಟು ಬೇಕು. ರೋಗಿಯ ರಕ್ತ ಮೊದಲು ಹಾಕಿದರೆ ಆ ಸೀಟಿನ ಮೇಲೆ ಟವೆಲ್ ಬಿದ್ದಿರುತ್ತದೆ, ಇವನು ಇಳಿದು ಹೋಗುತ್ತಾನೆ, ಹಳದಿ ಕಾಣುವುದಿಲ್ಲ. ಆರೋಗ್ಯವಂತರ ರಕ್ತ ಹಾಕಿದರೆ ಸೀಟು ಖಾಲಿ, ಇವನು ಆರಾಮಾಗಿ ಕೂರುತ್ತಾನೆ, ಪರೀಕ್ಷೆಯ ತಟ್ಟೆಯ ಗುಳಿಯೆಲ್ಲ ಹಳದಿ.

"ಅಂದ್ರ ಮೂರು ವರ್ಷಾತು ನೀ ಬಸ್ಸಿನ ಸೀಟ್ ಎಣಸಾಕತ್ತಿ," ಅಂದಳು ಅವ್ವ. ಆಮೇಲೆ, "ದನಿ ಯಾಕ ಹಿಂಗಾಗೇತಿ? ನೆಗಡಿ ಬಂದೈತೇನ?"

ಬಂದಿರಬೇಕು. ಈ ಊರಿನ ನೀರೇ ಹಾಗೆ.

ಮಾರ್ಚ್ 3, ಸೋಮವಾರ

ಹಳದಿ ಬರಲಿಲ್ಲ.

ಹೊಸ ಎಚ್-1 ಹಾಕಿದ ಮೊದಲ ತಟ್ಟೆ. ತೊಂಬತ್ತಾರು ಗುಳಿಗಳಲ್ಲಿ ಆರೋಗ್ಯವಂತರ ಸಾಲು ಬಂಗಾರದಂತೆ ಹೊಳೆಯಬೇಕಿತ್ತು, ಬಣ್ಣ ಅಳೆಯುವ ಯಂತ್ರ ಎರಡರ ಹತ್ತಿರ ತೋರಿಸಬೇಕಿತ್ತು. ತೋರಿಸಿದ್ದು ಸೊನ್ನೆ ಪಾಯಿಂಟ್ ಎಂಟು. ರಕ್ತವನ್ನೇ ಹಾಕದ ಖಾಲಿ ಗುಳಿಗಳಲ್ಲಿ ಮಾತ್ರ ಹಳದಿ ಚೆನ್ನಾಗಿತ್ತು. ಅಂದರೆ ಸಿ-7 ಸತ್ತಿಲ್ಲ. ಆರೋಗ್ಯವಂತರ ರಕ್ತ ಕಂಡರೂ ಅದು ಇಳಿದು ಹೋಗುತ್ತಿದೆ.

ಕಾರಣ ಎರಡೇ ಇರಬಹುದು. ಒಂದು, ಜನವರಿಯಲ್ಲಿ ಬೆಳೆಸಿ ಇವತ್ತೇ ಮೊದಲು ಬಳಸಿದ ಸಿ-7ರ ಹೊಸ ಕಂತು ಕೆಟ್ಟಿದೆ, ಮನುಷ್ಯರ ರಕ್ತ ಯಾರದಾದರೂ ಸರಿ, ಗೊಂದಲಕ್ಕೆ ಬೀಳುತ್ತಿದೆ. ಹಾಗಿದ್ದರೆ ಎಲ್ಲ ಮುಗಿಯಿತು. ಎರಡು, ಎಚ್-1 ಎಂಬ ಚೀಟಿ ಇರುವ ಟ್ಯೂಬಿನಲ್ಲಿ ಎಚ್-1 ಇಲ್ಲ.

ಎರಡನೆಯದೇ ಇರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ತಲೆ ಬಾಚಿದರೆ ಬಾಚಣಿಕೆ ತುಂಬ ಕೂದಲು. ಈ ಚಿಂತೆಗೆ ತಲೆ ಬೋಳಾಗದಿದ್ದರೆ ಪುಣ್ಯ.

ಮಾರ್ಚ್ 6, ಗುರುವಾರ

ಎರಡು ದಿನ ಯೋಚಿಸಿದೆ. ನಾನು ರಕ್ತ ಕೊಟ್ಟ ದಿನ ರಾಯಬಾಗದ ರೋಗಿಗಳ ಟ್ಯೂಬೂ ಮೇಜಿನ ಮೇಲಿತ್ತು. ಹಂಚಿದವರು ಒಬ್ಬರೇ. ಗಡಿಯಾರ ನೋಡುತ್ತ ಹಂಚಿದ್ದನ್ನು ನಾನೇ ಕಂಡಿದ್ದೇನೆ.

ಕೇಳಿದೆ. ಕೇಳಿದ ರೀತಿ ಚೆನ್ನಾಗಿರಲಿಲ್ಲ, ಗೊತ್ತು. "ಜಿನ್ನಪ್ಪನವರ, ಊಟದ ಅವಸರದಾಗ ಚೀಟಿ ಅದಲು ಬದಲು ಆಗಿರಬೇಕಲ್ರಿ?"

ಅವರು ಕೈಗವಸು ತೆಗೆದು ಮಡಚಿ ಇಟ್ಟರು. ಕಸಕ್ಕೆ ಹಾಕುವ ಕೈಗವಸನ್ನು ಯಾರಾದರೂ ಮಡಚುತ್ತಾರೆಯೇ. "ಇಪ್ಪತ್ತಾರು ವರ್ಷಾತ್ರಿ ಚೀಟಿ ಬರಿಯಾಕತ್ತು. ನನ್ನ ಕೈಲೆ ಹಂಗ ಆಗಂಗಿಲ್ರಿ."

"ಇಪ್ಪತ್ತಾರು ವರ್ಷದಾಗ ಒಮ್ಮಿ ಆಗಬಾರದಂತ ಇಲ್ಲಲ್ರಿ."

ಹೊಸ ನಿಯಮ ಮಾಡಿದೆ. ಇನ್ನು ಮೇಲೆ ಅವರು ಬರೆದ ಪ್ರತಿಯೊಂದು ಚೀಟಿಯನ್ನೂ ನನಗೆ ತೋರಿಸಬೇಕು, ನಾನು "ಸರಿ" ಅಂದ ಮೇಲೆಯೇ ಟ್ಯೂಬು ಒಳಗೆ ಹೋಗಬೇಕು. "ಹೂನ್ರಿ," ಅಂದರು. ಅಷ್ಟೇ.

ಅವರಿಗೆ ಈ ಕೆಲಸದಲ್ಲಿ ಮೊದಲಿಂದಲೂ ಅರ್ಧ ಮನಸ್ಸು. ಇಲಿಗಳ ಕೋಣೆಗೆ ಒಂದು ದಿನವೂ ಕಾಲಿಟ್ಟವರಲ್ಲ. ಸರ್ ಅದಕ್ಕೆ ಒಪ್ಪಿಯೇ ಅವರನ್ನು ತೆಗೆದುಕೊಂಡಿದ್ದರು, ನಾನೂ ಇಷ್ಟು ದಿನ ಅದನ್ನು ತಪ್ಪು ಅಂದುಕೊಂಡಿರಲಿಲ್ಲ.

ಮಾರ್ಚ್ 17, ಸೋಮವಾರ

ಹೊಸದಾಗಿ ರಕ್ತ ಕೊಟ್ಟೆ. ಜಿನ್ನಪ್ಪನವರು ಇಪ್ಪತ್ತು ಸಣ್ಣ ಟ್ಯೂಬಿಗೂ ಚೀಟಿ ಬರೆದು, ಒಂದೊಂದನ್ನೂ ನನ್ನ ಕಣ್ಣೆದುರು ಹಿಡಿದು ತಿರುಗಿಸಿ, "ನೋಡಿಕೊಳ್ರಿ, ಸರಿ ಐತೇನು?" ಅಂತ ಕೇಳಿದರು. ಇಪ್ಪತ್ತು ಸಲ. ನಾನು ಇಪ್ಪತ್ತು ಸಲ "ಸರಿ" ಅಂದೆ. ಇಬ್ಬರಿಗೂ ಅಸಹ್ಯವಾಯಿತು.

ತಟ್ಟೆ ಮತ್ತೆ ಫೇಲು. ಸೊನ್ನೆ ಪಾಯಿಂಟ್ ಆರು. ಮೊದಲಿಗಿಂತ ಕಡಿಮೆ.

"ಬ್ಯಾರೇದವ್ರ ರಕ್ತ ಒಮ್ಮಿ ಹಾಕಿ ನೋಡೂಣೇನ್ರಿ?" ಅಂತ ಕೇಳಿದರು. ಬೇಡ ಅಂದೆ. ಮೂರು ವರ್ಷದ ಲೆಕ್ಕವೆಲ್ಲ ಎಚ್-1ಕ್ಕೆ ಹೋಲಿಸಿ ಬರೆದದ್ದು. ಅಳೆಯುವ ಕೋಲನ್ನೇ ಬದಲಿಸಿದರೆ ಅಳತೆಗೆ ಏನರ್ಥ. ಅವರು, "ಬ್ಯಾಸಗಿ ಬಂತು, ನೀವಿನ್ನೂ ಶಾಲು ಹೊದ್ದಕೊಂಡೇ ಅದೀರಿ. ಆರಾಮ ಇಲ್ಲೇನ್ರಿ? ಒಮ್ಮಿ ತೋರಿಸ್ಕೊಳ್ರಿ," ಅಂದರು.

"ನೀವು ಡಾಕ್ಟರ ಆದದ್ದು ಯಾವಾಗ್ರಿ?" ಅಂದೆ.

ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆದರೆ ಸೊನ್ನೆ ಪಾಯಿಂಟ್ ಆರು ಕಣ್ಣ ಮುಂದಿಂದ ಹೋಗುತ್ತಿಲ್ಲ, ನಾಚಿಕೆಗೆ ಆಮೇಲೆ ಪುರುಸೊತ್ತು ಮಾಡಿಕೊಳ್ಳುತ್ತೇನೆ.

ಮಾರ್ಚ್ 27, ಗುರುವಾರ

ಅಥಣಿಯಲ್ಲಿ ಕ್ಯಾಂಪ್. ನನ್ನ ಪಟ್ಟಿ ನೂರಾ ಹನ್ನೆರಡಕ್ಕೆ ಮುಟ್ಟಿತು, ಇನ್ನು ರೋಗಿಗಳು ಸಾಕು. ಹೋಗುವಾಗ ಬಸ್ಸಿನಲ್ಲಿ ನಿದ್ದೆ ಹೋಗಿ ಅಥಣಿ ದಾಟಿಬಿಟ್ಟಿದ್ದೆ. ಕಂಡಕ್ಟರ್ ಎಬ್ಬಿಸಿ ಇಳಿಸಿದ.

ಪಿ-41, ಅಂದರೆ ನಮ್ಮ ನಲವತ್ತೊಂದನೇ ಪೇಶಂಟು, ಲಕ್ಕವ್ವ ಗುಳಿಗೆ ಬದಲಿಸಿಕೊಳ್ಳಲು ಬಂದಿದ್ದಳು. ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ ಹೆಂಗಸು, ನಮ್ಮ ಪಟ್ಟಿಯಲ್ಲೇ ಎಲ್ಲರಿಗಿಂತ ಜೋರಾದ ಪ್ರತಿಕಾಯ ಅವಳದು. ಆರು ತಿಂಗಳಿಗೊಮ್ಮೆ ಕೇಳುವ ಪ್ರಶ್ನೆಗಳನ್ನೇ ಕೇಳಿದೆ. ಚಳಿ ಹೆಚ್ಚಾಗುತ್ತದೆಯೇ. ಕೂದಲು ಉದುರುತ್ತದೆಯೇ. ದನಿ ದಪ್ಪವಾಗಿದೆಯೇ. ಹಿಮ್ಮಡಿ ಒಡೆದಿದೆಯೇ. ಮರೆವು ಇದೆಯೇ. ಮುಟ್ಟು ಹೆಚ್ಚು ದಿನ ಇರುತ್ತದೆಯೇ. ಅವಳು ನನ್ನ ಮುಖವನ್ನೇ ನೋಡುತ್ತ ಉತ್ತರ ಹೇಳಿದಳು. ಕಡೆಗೆ ತನ್ನದೊಂದು ಪ್ರಶ್ನೆ ಕೇಳಿದಳು.

"ನಿಮಗೆಷ್ಟು ವರ್ಷಾತ್ರಿ ಈ ಗುಳಿಗಿ ತಗೊಳ್ಳಾಕತ್ತು?"

ನನಗೆ ನಗು ಬಂತು, ಸಿಟ್ಟೂ ಬಂತು. "ನಾ ರೋಗಿ ಅಲ್ರಿ, ನಿಮ್ಮನ್ನ ತಪಾಸ ಮಾಡಾಕ ಬಂದಾಕಿ," ಅಂದೆ. "ಹಂಗೇನ್ರಿ," ಅಂದು ಗುಳಿಗೆ ಚೀಲಕ್ಕೆ ಹಾಕಿಕೊಂಡಳು. ಈ ಹೆಂಗಸರಿಗೆ ತಮಗೆ ಬಂದದ್ದು ಊರಿಗೆಲ್ಲ ಬಂದಿದೆ ಅನ್ನಿಸುತ್ತದೆ.

ಮಾರ್ಚ್ 29, ಶನಿವಾರ

ಮೂರನೇ ತಟ್ಟೆಯೂ ಫೇಲು. ರಬ್ಬರ್ ಕೈಗವಸು ಹಾಕಲು ಬಳೆ ಕಳಚಹೋದರೆ ಬಿಗಿಯಾಗಿ ಬರಲಿಲ್ಲ. ಒಡೆದು ತೆಗೆಯಬೇಕಾಯಿತು. ಮೆಸ್ಸಿನ ಎಣ್ಣೆ ತಿಂದು ತಿಂದು ಊದಿಕೊಂಡಿದ್ದೇನೆ.

ಏಪ್ರಿಲ್ 4, ಶುಕ್ರವಾರ

ಸರ್‌ಗೆ ಪತ್ರ ಕೊಟ್ಟೆ. ಬರೆಯಲು ಅರ್ಧ ದಿನ ಹಿಡಿಯಿತು, ಪದಗಳೇ ನೆನಪಿಗೆ ಬರುತ್ತಿರಲಿಲ್ಲ. "ಶ್ರೀ ಜಿನ್ನಪ್ಪನವರು ಸಂಜೆಯ ಅವಸರದಲ್ಲಿ ಚೀಟಿ ಬರೆಯುವುದರಿಂದ ಮಾದರಿಗಳು ಅದಲು ಬದಲಾಗುವ ಸಂಭವ ಇದೆ" ಅಂತ. ಸರ್ ಎರಡು ಸಲ ಓದಿದರು.

"ನೀ ನೋಡೀಯೇನು ಬದಲಾಗಿದ್ದು?"

"ಇಲ್ರಿ ಸರ್. ಆದ್ರ ಬ್ಯಾರೇ ಕಾರಣ ಇಲ್ಲಲ್ರಿ."

ಜಿನ್ನಪ್ಪನವರನ್ನು ಕೆಳಗೆ ಓಪಿಡಿಗೆ, ರಕ್ತ ತೆಗೆಯುವ ಕೋಣೆಗೆ ಕಳಿಸಿದರು. ಮಧ್ಯಾಹ್ನವೇ ಹೋದರು. ತಮ್ಮ ಸ್ಟೀಲ್ ಡಬ್ಬಿ, ಕನ್ನಡಕದ ಪೆಟ್ಟಿಗೆ, ಚೀಟಿ ಬರೆಯುವ ಆ ಸಣ್ಣ ಮೊನೆಯ ಪೆನ್ನು. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, "ಎಚ್-1ರ ಟ್ಯೂಬ್ ಮ್ಯಾಲಿನ ಹಲಗ್ಯಾಗ ಎಡಕ್ಕ ಅದಾವ್ರಿ," ಅಂತಷ್ಟೇ ಹೇಳಿದರು.

ನಾಳೆ ನರ್ಸ್ ಕಾಜಲ್ ಹತ್ತಿರ ರಕ್ತ ತೆಗೆಸುತ್ತೇನೆ. ಹಂಚುವುದು, ಚೀಟಿ, ಎಲ್ಲ ನಾನೇ.

ಏಪ್ರಿಲ್ 9, ಬುಧವಾರ

ಸೊನ್ನೆ ಪಾಯಿಂಟ್ ನಾಲ್ಕು.

ಎಲ್ಲ ನಾನೇ ಮಾಡಿದ್ದು. ಅಂದರೆ ಅವರದು ತಪ್ಪಿರಲಿಲ್ಲ. ಅಂದರೆ ಸಿ-7 ಕೆಟ್ಟಿದೆ.

ಅಳು ಬರಬೇಕಿತ್ತು. ಬರಲಿಲ್ಲ. ಮಲಗಿದೆ.

ಏಪ್ರಿಲ್ 15, ಮಂಗಳವಾರ. ಉಗಾರ ಬುದ್ರುಕ

ನಿನ್ನೆ ಜಯಂತಿ. ಬಾಬಾಸಾಹೇಬರ ಮೆರವಣಿಗೆ ಅಂದರೆ ನಮ್ಮ ಓಣಿಯಲ್ಲಿ ನಾನು ಮುಂದೆ ಇರಲೇಬೇಕು. ಹತ್ತು ವರ್ಷದವಳಿದ್ದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಬಿಳಿ ಸೀರೆ ಉಟ್ಟು, ನೀಲಿ ಬಾವುಟ ಹಿಡಿದು, ಡಿಜೆ ನಿಲ್ಲುವವರೆಗೆ ಕುಣಿಯುತ್ತಿದ್ದೆ.

ಈ ಸಲ ಸಂಜೆ ಐದಕ್ಕೆ ಸೀರೆ ಉಟ್ಟು, ಹೊರಡುವ ಮೊದಲು ಹಾಸಿಗೆಯ ತುದಿಯಲ್ಲಿ ಸ್ವಲ್ಪ ಕೂತೆ. ಎಚ್ಚರವಾದಾಗ ಬೆಳಗಾಗಿತ್ತು. ಮನೆಯ ಮುಂದೆಯೇ ಡಿಜೆ ಹಾದುಹೋಗಿತ್ತಂತೆ, ಕಿಟಕಿಯ ಗಾಜು ಗದಗದ ಅಂದಿತ್ತಂತೆ, ನನಗೆ ಏನೂ ಕೇಳಿಸಿರಲಿಲ್ಲ.

"ಏನ ಇದು," ಅಂದಳು ಅವ್ವ. "ಹೊರಗ ನಿಂತು ಮೂರು ಸಲ ಕರದೆ. ಹೆಣ ಬಿದ್ದಂಗ ಬಿದ್ದಿದ್ದಿ."

"ಕೆಲಸ ಭಾಳ ಆಗೇತಿ ಅವ್ವಾ."

ಅವ್ವ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಜೀವಮಾನವಿಡೀ ಹೊಲದಲ್ಲಿ ಕಳೆ ಕಿತ್ತ ಬೆರಳು, ಉಪ್ಪುಕಾಗದದ ಹಾಗೆ. ಆಮೇಲೆ ಅವಳ ಮುಖ ಅರಳಿತು. "ಕೆಲಸ ಇದ್ರೂ ಮೈ ಹಿಡದೈತಿ ನೋಡ. ಗಲ್ಲಾ ತುಂಬ್ಯಾವ, ಕುತಗಿ ತುಂಬೇತಿ. ಹಿಂದ ಬಳಬಳಕ ಇದ್ದಿ. ಈಗ ನೋಡಾಕ ಚಂದ ಕಾಣ್ತಿ."

ಒಬ್ಬಳಾದರೂ ನನ್ನನ್ನು ನೋಡಿ ಸಂತೋಷಪಟ್ಟಳಲ್ಲ. ಹೊರಗೆ ಬಿಸಿಲು ಸುಡುತ್ತಿದೆ, ನಾನು ದುಪ್ಪಟಿ ಹೊದ್ದು ಇದನ್ನು ಬರೆಯುತ್ತಿದ್ದೇನೆ. ಮೆರವಣಿಗೆ ತಪ್ಪಿದ್ದಕ್ಕೆ ಬೇಸರ ಆಗಬೇಕಿತ್ತು ಅಂತ ಗೊತ್ತಾಗುತ್ತಿದೆ. ಆಗುತ್ತಿಲ್ಲ.

ಏಪ್ರಿಲ್ 22, ಮಂಗಳವಾರ

ಸರ್ ಹೇಳಿದರು, ಇನ್ನೊಂದೇ ತಟ್ಟೆ, ಆಮೇಲೆ ಸಾಕು. ವರದಿಯಲ್ಲಿ "ಸಿ-7 ವಿಶ್ವಾಸಾರ್ಹವಲ್ಲ" ಅಂತ ಬರೆದು ಕೈ ಬಿಡೋಣ. "ಹೂಂ ಸರ್," ಅಂದೆ. ಮೊದಲಿನ ಸಾರಿಕಾ ಆಗಿದ್ದರೆ ಟೇಬಲ್ ಗುದ್ದಿ ಜಗಳವಾಡುತ್ತಿದ್ದಳು.

"ಸಿಟ್ಟೂ ಬರವಲ್ದೇನು ನಿನಗ?" ಅಂದರು ಸರ್, ನನ್ನನ್ನು ವಿಚಿತ್ರವಾಗಿ ನೋಡುತ್ತ.

ಏಪ್ರಿಲ್ 23, ಬುಧವಾರ

ಕೊನೆಯ ತಟ್ಟೆ ಹಾಕಿದೆ. ಅದರಲ್ಲೂ ತಪ್ಪು ಮಾಡಿದೆ. ಆರೋಗ್ಯವಂತರ ರಕ್ತವನ್ನು ಒಂದೇ ಹದದಲ್ಲಿ ಹಾಕುವುದು ಪದ್ಧತಿ. ರೋಗಿಗಳದ್ದನ್ನು ಮಾತ್ರ ನೀರು ಮಾಡುತ್ತ ಮಾಡುತ್ತ ಎಂಟು ಗುಳಿಗಳಿಗೆ ಹಾಕುತ್ತೇವೆ. ನಾನು ಯಾವ ಧ್ಯಾನದಲ್ಲಿದ್ದೆನೋ, ಎಚ್-1ನ್ನೂ ಹಾಗೆಯೇ ಎಂಟು ಗುಳಿಗಳಿಗೆ ಇಳಿಸಿಬಿಟ್ಟೆ, ಪಿ-41ರ ಪಕ್ಕದಲ್ಲೇ. ಗೊತ್ತಾದಾಗ ತಡವಾಗಿತ್ತು. ಬದಲಿಸಲು ಮನಸ್ಸೂ ಬರಲಿಲ್ಲ. ಹೇಗೂ ಕೆಟ್ಟಿರುವ ಸಿ-7, ಹೇಗೆ ಹಾಕಿದರೇನು. ನಾಳೆ ಬಣ್ಣ ನೋಡಿ ಮುಗಿಸುತ್ತೇನೆ.

ಏಪ್ರಿಲ್ 24, ಗುರುವಾರ

ನಿಧಾನವಾಗಿ ಬರೆಯಬೇಕು, ಒಂದೂ ಬಿಡದೆ.

ಬೆಳಿಗ್ಗೆ ಹನ್ನೊಂದಕ್ಕೆ ಬಣ್ಣದ ದ್ರಾವಣ ಹಾಕಿ ನಿಂತೆ. ಪಿ-41 ಲಕ್ಕವ್ವನ ಸಾಲು ಎಂದಿನ ಹಾಗೆ: ಮೊದಲ ಗುಳಿ ಬಿಳಿ, ಎರಡನೆಯದು ಬಿಳಿ, ನೀರು ಹೆಚ್ಚಾದಂತೆ ಸ್ವಲ್ಪ ಹಳದಿ, ಇನ್ನಷ್ಟು, ಕೊನೆಯ ಗುಳಿ ಪೂರ್ತಿ ಹಳದಿ. ಟವೆಲ್‌ಗಳು ಕಡಿಮೆಯಾದಂತೆ ಸೀಟು ಖಾಲಿಯಾಗುತ್ತ ಹೋಗುವ ಮೆಟ್ಟಿಲು.

ಅದರ ಪಕ್ಕದ ಎಚ್-1ರ ಸಾಲು. ಬಿಳಿ, ಬಿಳಿ, ಸ್ವಲ್ಪ ಹಳದಿ, ಇನ್ನಷ್ಟು, ಪೂರ್ತಿ ಹಳದಿ. ಅದೇ ಮೆಟ್ಟಿಲು.

ಯಂತ್ರಕ್ಕೆ ಹಾಕಿದೆ. ಎರಡು ಗೆರೆ ಒಂದರ ಮೇಲೊಂದು ಕೂತವು. ಕೆಟ್ಟ ಪ್ರತಿಕಾಯ ಇಷ್ಟು ಶಿಸ್ತಾಗಿ ಮೆಟ್ಟಿಲು ಹತ್ತುವುದಿಲ್ಲ. ಸಿ-7 ಗೊಂದಲಕ್ಕೆ ಬಿದ್ದಿಲ್ಲ. ಸೀಟಿನ ಮೇಲೆ ನಿಜವಾಗಿಯೂ ಟವೆಲ್ ಇದ್ದದ್ದಕ್ಕೇ ಅದು ಪ್ರತಿ ಸಲವೂ ಇಳಿದು ಹೋಗಿದೆ. ಹಿಂದಿನ ನಾಲ್ಕು ಸಲವೂ ಅದು ಹೇಳಿದ್ದು ಸತ್ಯ. ಅದು ಒಳ್ಳೆಯದಿದೆ, ನನ್ನ ಮೂರು ವರ್ಷ ಒಳ್ಳೆಯದಿದೆ. ಎಷ್ಟೋ ವಾರದ ಮೇಲೆ ಎದೆಯೊಳಗೆ ಏನೋ ಅಲುಗಾಡಿತು. ಗೆದ್ದೆ ಅಂದುಕೊಂಡೆ. ಸರ್‌ಗೆ ಹೇಳಲು ಬಾಗಿಲವರೆಗೂ ಓಡಿದೆ.

ಬಾಗಿಲಲ್ಲಿ ನಿಂತೆ. ಹಾಗಾದರೆ ಎಚ್-1 ಯಾರು?

ತಿರುಗಿ ಬಂದು ಸ್ಟೂಲಿನ ಮೇಲೆ ಕೂತೆ. ನನ್ನ ಕೈ ಗಂಟಲಿಗೆ ಹೋಯಿತು. ನೂರಾ ಹನ್ನೆರಡು ಹೆಂಗಸರ ಗಂಟಲನ್ನು ಹೇಗೆ ಮುಟ್ಟಿ ನೋಡಿದ್ದೆನೋ ಹಾಗೆ ಎರಡು ಬೆರಳಿಟ್ಟು ಉಗುಳು ನುಂಗಿದೆ. ಬೆರಳ ಕೆಳಗೆ ಗಟ್ಟಿಯಾದದ್ದೊಂದು ಮೇಲೆ ಹೋಗಿ ಕೆಳಗೆ ಬಂತು. ಅವ್ವ ಮೆಚ್ಚಿದ ಕುತ್ತಿಗೆ.

ಅಥಣಿಯ ಪ್ರಶ್ನೆಗಳ ಹಾಳೆ ತೆಗೆದು ನನಗೆ ನಾನೇ ಕೇಳಿಕೊಂಡೆ. ಎಲ್ಲದಕ್ಕೂ ಹೌದು. ಆಮೇಲೆ ಈ ದಿನಚರಿಯನ್ನು ಹಿಂದಕ್ಕೆ ತಿರುವಿದೆ. ಎಲ್ಲ ಇಲ್ಲಿಯೇ ಇದೆ, ನನ್ನದೇ ಅಕ್ಷರದಲ್ಲಿ. ಚಳಿಗೆ ಎಸಿ ಕಾರಣ, ದನಿಗೆ ಊರ ನೀರು, ಬಳೆಗೆ ಮೆಸ್ಸಿನ ಎಣ್ಣೆ. ಹಳದಿ ಬಾರದ್ದಕ್ಕೆ ಜಿನ್ನಪ್ಪಣ್ಣನ ಊಟ.

ಲಕ್ಕವ್ವ ಒಂದು ನೋಟಕ್ಕೆ ಕಂಡಳು. ಅವರೂ ಕಂಡಿದ್ದರು. ಹೇಳಿದ್ದರು. ನಾನು ಏನು ಉತ್ತರ ಕೊಟ್ಟೆ ಅನ್ನುವುದು ಮಾರ್ಚ್ 17ರ ಪುಟದಲ್ಲಿದೆ, ಮತ್ತೆ ಬರೆಯುವ ಧೈರ್ಯ ನನಗಿಲ್ಲ.

ಏಪ್ರಿಲ್ 25, ಶುಕ್ರವಾರ

ಸುಮ್ಮನೆ ನಂಬಬಾರದು. ಕಾಜಲ್ ಹತ್ತಿರ ಒಪ್ಪಿಗೆಯ ಸಹಿ ಹಾಕಿಸಿಕೊಂಡು ಅವಳ ರಕ್ತ ತೆಗೆದುಕೊಂಡೆ. ಬೇರೆಯವರ ರಕ್ತ. ಮಾರ್ಚಿನಲ್ಲಿಯೇ ಒಬ್ಬರು ಕೇಳಿದ್ದರು.

ಹಳದಿ. ಗುಳಿ ತುಂಬ, ಸಾಲು ತುಂಬ ಹಳದಿ. ಒಂದು ಪಾಯಿಂಟ್ ಒಂಬತ್ತು ಐದು.

ಸರ್‌ಗೆ ಎರಡೂ ಗೆರೆ ತೋರಿಸಿ, ಎಚ್-1 ಯಾರು ಅಂತ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ದಿನಾ ಎದುರಿಗೆ ಕೂತಿದ್ದಿ. ನಾನೂ ನೋಡ್ಲಿಲ್ಲಲ್ಲ. ಎಂಥಾ ಡಾಕ್ಟರ ನಾ," ಅಂದರು. ವರದಿಯನ್ನು ತಾವೇ ಬರೆಯುತ್ತೇನೆ ಅಂದರು, ನಾಳೆ ಬೆಳಿಗ್ಗೆ ಮೊದಲು ಓಪಿಡಿಗೆ ಹೋಗು ಅಂದರು. ಇನ್ನು ಎರಡು ತಟ್ಟೆ ಮೂವತ್ತರೊಳಗೆ ಆಗುತ್ತದೆ. ಸಿ-7 ಉಳಿಯಿತು.

ನಾನು ಇನ್ನೊಂದು ಪತ್ರ ಕೊಟ್ಟೆ. ಏಪ್ರಿಲ್ 4ರ ಪತ್ರದಲ್ಲಿ ನಾನು ಬರೆದದ್ದು ಸುಳ್ಳು, ಶ್ರೀ ಜಿನ್ನಪ್ಪನವರು ಬರೆದ ಒಂದು ಚೀಟಿಯೂ ತಪ್ಪಿರಲಿಲ್ಲ, ತಪ್ಪು ಆರೋಗ್ಯ ಉತ್ತಮ ಎಂದು ಸಹಿ ಹಾಕಿದವಳದು. ಇದನ್ನು ಬರೆಯಲೂ ಅರ್ಧ ದಿನ ಹಿಡಿಯಿತು. ಕಾಯಿಲೆಯನ್ನು ಮಾತ್ರ ಅದಕ್ಕೆ ನೆಪವಾಗಿ ಬರೆಯಲಿಲ್ಲ. ಕಾಯಿಲೆ ನನಗೆ ಚಳಿ ತಂದಿರಬಹುದು, ಮರೆವು ತಂದಿರಬಹುದು. ಒಬ್ಬರ ಊಟದ ನೇಮವನ್ನು ಆಡಿಕೊಂಡದ್ದು ಕಾಯಿಲೆಯಲ್ಲ, ನಾನು. ಶಾಲೆಯಲ್ಲಿ ಏನಾದರೂ ಕಳೆದರೆ ಮೊದಲು ನಮ್ಮ ಓಣಿಯ ಮಕ್ಕಳ ಪಾಟೀಚೀಲ ತಡಕುತ್ತಿದ್ದರು. ಅದು ಹೇಗೆ ಚುಚ್ಚುತ್ತದೆ ಅಂತ ಗೊತ್ತಿದ್ದೂ ಅವರ ಚೀಲ ತಡಕಿದೆ.

ಏಪ್ರಿಲ್ 26, ಶನಿವಾರ

ಓಪಿಡಿಯ ರಕ್ತ ತೆಗೆಯುವ ಕೋಣೆಯ ಮುಂದೆ ಇಪ್ಪತ್ತು ಜನ ಸಾಲಿನಲ್ಲಿದ್ದರು. ನಾನೂ ನಿಂತೆ. ಡಾಕ್ಟರು ಗಂಟಲು ಮುಟ್ಟಿ ನೋಡಿ, ಯಾಕೆ ಇಷ್ಟು ದಿನ ಬಿಟ್ಟಿರಿ ಅಂತ ಬೈದು, ಚೀಟಿ ಬರೆದುಕೊಟ್ಟಿದ್ದರು.

ನನ್ನ ಸರದಿ ಬಂದಾಗ ಜಿನ್ನಪ್ಪಣ್ಣ ತಲೆ ಎತ್ತಿದರು. ಒಂದು ಕ್ಷಣ ಅಷ್ಟೇ. ಆಮೇಲೆ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು, "ಹೆಸರ್ರಿ?"

"ಸಾರಿಕಾ ದಶರಥ."

"ವಯಸ್ಸು?"

"ಇಪ್ಪತ್ತೊಂಬತ್ತು."

"ಏನ ತ್ರಾಸ ಐತ್ರಿ?"

ಮೂರು ವರ್ಷದಲ್ಲಿ ನನ್ನ ರಕ್ತ ತೆಗೆಯುವಾಗ ಅವರು ಕೇಳಿರದ ಪ್ರಶ್ನೆ ಇದು. ಕೇಳುವ ಕಾರಣವೇ ಇರಲಿಲ್ಲ. "ಥೈರಾಯ್ಡ್ ಐತ್ರಿ ಅಣ್ಣಾರ," ಅಂದೆ. ನನ್ನ ದಪ್ಪ ದನಿ ನನಗೇ ಕೇಳಿಸಿತು. "ಎಚ್-1ರ ಟ್ಯೂಬಿನ್ಯಾಗ ಎಚ್-1ನ ಇತ್ರಿ. ನಿಮ್ಮ ಚೀಟಿ ಎಲ್ಲಾ ಸರಿ ಇದ್ದೂ. ನಾನು ಸುಳ್ಳ ಹೇಳಿದೆ. ತಪ್ಪಾತ್ರಿ."

ಅವರು ಡಾಕ್ಟರ ಚೀಟಿಯನ್ನು ಪಕ್ಕಕ್ಕಿಟ್ಟರು. ತೋಳಿಗೆ ರಬ್ಬರ್ ಕಟ್ಟಿದರು, ಮೊಣಕೈ ಒಳಗೆ ಎರಡು ಬೆರಳಿಂದ ಮೆಲ್ಲಗೆ ತಟ್ಟಿದರು. ನರ ಸಿಗಲು ಹೊತ್ತಾಯಿತು. ನನ್ನ ಅಂಗೈಯನ್ನು ತಮ್ಮ ಎರಡು ಕೈಗಳ ನಡುವೆ ಹಿಡಿದು ಉಜ್ಜಿ ಬಿಸಿ ಮಾಡಿದರು, ಮುದುಕಿಯರಿಗೆ ಮಾಡುವ ಹಾಗೆ. ಸೂಜಿ ಹೋದದ್ದು ಗೊತ್ತಾಗಲಿಲ್ಲ.

"ನಮ್ಮ ಅಕ್ಕಗೂ ಹಿಂಗ ಆಗಿತ್ರಿ," ಅಂದರು, ಟ್ಯೂಬು ತುಂಬುತ್ತಿದ್ದಂತೆ. "ದಿನಾ ಬೆಳಿಗ್ಗೆ ಒಂದು ಗುಳಿಗಿ. ಮೂರು ತಿಂಗಳಿಗೆ ಎದ್ದು ಓಡ್ಯಾಡಾಕ ಹತ್ತಿದ್ಳು. ಅಂಜಬ್ಯಾಡ್ರಿ."

"ನೀವು ಮ್ಯಾಲೆ ಬರ್ರಿ ಅಣ್ಣಾರ. ಸರ್‌ಗೆ ಪತ್ರ ಕೊಟ್ಟೀನಿ."

"ನೋಡೂಣ್ರಿ," ಅಂದರು. ಆ ಮಾತಿಗೆ ಹೌದು ಅಂತಲೂ ಅರ್ಥ ಇರಲಿಲ್ಲ, ಇಲ್ಲ ಅಂತಲೂ ಇರಲಿಲ್ಲ.

ಆಸ್ಪತ್ರೆಯ ಟ್ಯೂಬು ತುಂಬಿದ ಮೇಲೆ ಇನ್ನೊಂದು ತೆಗೆಯಲು ಹೇಳಿದೆ, ನಮ್ಮ ಲ್ಯಾಬಿಗೆ. ಅವರು ತೆಗೆದರು. ಜೇಬಿನಿಂದ ಆ ಸಣ್ಣ ಮೊನೆಯ ಪೆನ್ನು ತೆಗೆದು ಚೀಟಿಯ ಮೇಲೆ ಇಟ್ಟು ನಿಲ್ಲಿಸಿದರು.

"ಎಚ್-1 ಅಂತ ಬರೀಲ್ರಿ?"

"ಇಲ್ರಿ. ಪಿ-113."

ಬರೆದರು, ಅವಸರವಿಲ್ಲದೆ, ಒಂದೊಂದೇ ಅಂಕಿ. ಅಂಟಿಸಿದರು. ಆಮೇಲೆ ಟ್ಯೂಬನ್ನು ಎತ್ತಿ ನನ್ನ ಕಣ್ಣೆದುರು ಹಿಡಿದು, ಚೀಟಿ ಕಾಣುವಂತೆ ತಿರುಗಿಸಿದರು. ಮಾರ್ಚ್ ಆರರಂದು ನಾನು ಮಾಡಿದ ನಿಯಮ. ಅದನ್ನು ಯಾರೂ ತೆಗೆದಿರಲಿಲ್ಲ.

"ನೋಡಿಕೊಳ್ರಿ, ಸರಿ ಐತೇನು?"

ಕಣ್ಣು ತುಂಬಿ ನನಗೆ ಒಂದು ಅಕ್ಷರವೂ ಕಾಣಲಿಲ್ಲ. ಓದದೆಯೇ, "ಸರಿ ಐತ್ರಿ," ಅಂದೆ.